ಫ್ಯಾನ್ ಮಾಮ ನಿಲ್ಲಲು ಬಿಡದ ಸರ್ವರ್

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಫ್ಯಾನ್ ಮಾಮ ಎಂದು ಕರೆಯುತ್ತಿದ್ದರು. ಅಟೆಂಡರ್ ಕೆಲಸ. ಬಾಗಿಲು ತೆಗೆಯುವುದು, ಮೇಜು ಒರೆಸುವುದು, ಸಾಹೇಬರು ಕರೆದರೆ ಫೈಲು ಒಯ್ಯುವುದು, ಇಷ್ಟೇ. ಆದರೆ ಮೇಲಿನ ಮಹಡಿಯ ಕೊನೆಯಲ್ಲಿ, ಮೆಟ್ಟಿಲ ಪಕ್ಕದಲ್ಲಿ, ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬಿನ ಕೋಣೆ ಇತ್ತು. ಅದರ ಬೀಗದ ಕೈ ಅವರ ಬಳಿ ಇರುತ್ತಿತ್ತು. ಆ ಕೋಣೆಯ ಸರ್ವರ್ ಎಂದರೆ ಅವರಿಗೆ ಜೀವ.

ಸರ್ವರ್ ಎಂದರೆ ಏನೆಂದು ಅವರ ಹೆಂಡತಿಗೆ ಗೊತ್ತಿರಲಿಲ್ಲ. ಆಕೆ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಳು. ಓದಿದ್ದು ಅಷ್ಟಕ್ಕಷ್ಟೆ. ತಲೆ ನರೆತ ಮೇಲೆ ಗಂಡ ಒಂದು ಕಬ್ಬಿಣದ ಪೆಟ್ಟಿಗೆಯ ಹಿಂದೆ ಬಿದ್ದದ್ದು ಆಕೆಗೆ ವಿಚಿತ್ರವೆನಿಸಿತು. ಒಂದು ದಿನ ಕೇಳಿಯೇ ಬಿಟ್ಟಳು.

“ಅಂಥದ್ದು ಏನ್ರೀ ಇದೆ ಅದರೊಳಗೆ?”

“ಹುಡುಗರು ಮಾಡಿದ್ದೆಲ್ಲ ಅದರೊಳಗೇ ಇರುತ್ತೆ. ಅವರು ಬರೆದ ಪ್ರೋಗ್ರಾಮು, ಪ್ರಾಜೆಕ್ಟು, ಲೈಬ್ರರಿ ಪುಸ್ತಕದ ಪಟ್ಟಿ. ನಾಳೆ ಹಾಸ್ಟೆಲಲ್ಲಿ ಏನು ತಿಂಡಿ ಅಂತ ಫೋನಲ್ಲಿ ನೋಡ್ತಾರಲ್ಲ, ಅದೂ ಅಲ್ಲಿಂದಾನೇ ಬರೋದು.”

“ನಾನು ಬೇಯಿಸೋದು ನನಗಿಂತ ಮೊದಲು ಅದಕ್ಕೆ ಗೊತ್ತಾ?”

“ಹೂಂ. ಉಪ್ಪು ಜಾಸ್ತಿ ಆದ್ರೂ ಗೊತ್ತಾಗುತ್ತೆ. ಹುಡುಗರು ಅದರಲ್ಲೇ ಬೈದು ಬರೀತಾರೆ.”

ಆ ಸರ್ವರ್ ಹಳೆಯದು. ಯಾವುದೋ ಆಫೀಸಿನವರು ಸಾಕೆಂದು ಬಿಟ್ಟದ್ದನ್ನು ಕ್ಲಬ್ಬಿಗೆ ಕೊಟ್ಟಿದ್ದರು. ಕೋಣೆಗೆ ಪಡುವಣ ಬಿಸಿಲು ಹೊಡೆಯುತ್ತಿತ್ತು. ಮಧ್ಯಾಹ್ನ ಕಳೆಯುತ್ತಲೇ ಪೆಟ್ಟಿಗೆ ಕಾದು ಕೆಂಡವಾಗಿ, ಪೀಂ ಪೀಂ ಎಂದು ಕೂಗಿ, ನಿಂತುಬಿಡುತ್ತಿತ್ತು. ಹುಡುಗರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಯಾರದೋ ಪರೀಕ್ಷೆಯ ಕೆಲಸ ಅರ್ಧಕ್ಕೆ ಹೋಗುತ್ತಿತ್ತು, ಯಾರೋ ಅಳುತ್ತಿದ್ದರು.

ಅದನ್ನು ನೋಡಲಾರದೆ ಅವರು ಒಂದು ದಿನ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಸರ್ವರಿನ ಮುಂದೆ ಇಟ್ಟರು. ಅಂದಿನಿಂದ ಅವರು ಫ್ಯಾನ್ ಮಾಮ. ಫ್ಯಾನಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಬಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ದಿನಾ ಬೆಳಿಗ್ಗೆ ಧೂಳು ತೆಗೆಯುತ್ತಿದ್ದರು. ಕಿಟಕಿಗೆ ಹಳೆಯ ಬೆಡ್‌ಶೀಟು ಕಟ್ಟಿದರು. ಪೆಟ್ಟಿಗೆ ನಡುಗಬಾರದೆಂದು ಹರಿದ ಚಪ್ಪಲಿಯ ರಬ್ಬರು ಕತ್ತರಿಸಿ ಅದರ ಕೆಳಗೆ ಇಟ್ಟರು. ಒಳಗೆ ಏನಾಗುತ್ತದೆ ಎಂಬುದು ಅವರಿಗೂ ತಿಳಿಯದು. ಹುಡುಗರು ಹೇಳಿದ ಗುಂಡಿ ಒತ್ತುವುದು, ಹೇಳಿದಷ್ಟು ಹೊತ್ತು ಕಾಯುವುದು, ತಣ್ಣಗೆ ಇಡುವುದು. ಅಷ್ಟರಲ್ಲೇ ಅದು ಓಡಿತು.

ಆ ಬೇಸಿಗೆಯಲ್ಲಿ ಮನೆಯಲ್ಲಿ ಆಕೆ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ನನಗಿಂತ ಅದಕ್ಕೇ ಸೆಕೆ ಜಾಸ್ತಿಯಾ?”

“ನೀನು ಸೆಕೆ ಅಂತ ಬಾಯಿಬಿಟ್ಟು ಹೇಳ್ತೀಯ. ಅದು ಹೇಳಲ್ಲ, ನಿಂತೇ ಬಿಡುತ್ತೆ.”

ಹಾಸ್ಟೆಲಿನಲ್ಲಿ ಆಕೆಯ ಜೊತೆ ಕೆಲಸ ಮಾಡುವ ದಪ್ಪಕ್ಕನಿಗೆ ಇದು ದಿನದ ತಮಾಷೆ. “ಏನೇ, ನಿನ್ನ ಸವತಿ ಚೆನ್ನಾಗಿದ್ದಾಳಾ? ಮೈ ಕೈ ಒರೆಸಿ ಆಯ್ತಂತಾ?” ಎಂದು ಆಲೂಗಡ್ಡೆ ಹೆಚ್ಚುತ್ತಾ ಕೇಳುವಳು. ಆಕೆ ನಗುತ್ತಿದ್ದಳು. ಹೊಟ್ಟೆಯಲ್ಲಿ ಸ್ವಲ್ಪ ಉರಿಯೂ ಇತ್ತು, ಸುಳ್ಳೇಕೆ.

ಆದರೆ ಆ ಸರ್ವರಿನಿಂದ ಹುಡುಗರ ಕೆಲಸ ಪೂರ್ತಿ ನಡೆಯುತ್ತಿರಲಿಲ್ಲ. ಅದು ಓಡುತ್ತಿತ್ತು, ಅಷ್ಟೆ. ಮುದುಕರು ಕೋಲು ಹಿಡಿದು ನಡೆದಂತೆ. ಹೊಸದಾಗಿ ಸೇರಿದವರಿಗೆ ಅದರಲ್ಲಿ ಜಾಗವಿರಲಿಲ್ಲ. ಹೊರಗಿನ ಕಾಲೇಜುಗಳ ಜೊತೆ ಸ್ಪರ್ಧೆಗೆ ಕೂತರೆ ಇವರದು ಮಾತ್ರ ನಡುವೆ ಸ್ತಬ್ಧ. ಅದಕ್ಕೆ ಕ್ಲಬ್ಬಿನವರು ಪ್ರತಿವರ್ಷ ಆಫೀಸಿಗೆ ಅರ್ಜಿ ಕೊಡುತ್ತಿದ್ದರು. ಹೊಸ ಡಿಸ್ಕು ಬೇಕು, ಮೆಮೊರಿ ಬೇಕು, ಸಾಧ್ಯವಾದರೆ ಸರ್ವರನ್ನೇ ಬದಲಿಸಿಕೊಡಿ, ಇದಕ್ಕೆ ಹಣ ಮಂಜೂರು ಮಾಡಿ ಎಂದು.

ಆ ಕಾಲೇಜಿನಲ್ಲಿ ಅದಕ್ಕೊಂದು ಪದ್ಧತಿ. ಹೊಸದು ಕೇಳಿದವರ ಕೋಣೆಗೆ ಖರೀದಿ ಸಮಿತಿ ಬರುತ್ತದೆ. ಹಳೆಯದು ಕೆಟ್ಟಿರುವುದನ್ನು ಸಮಿತಿಯವರು ಕಣ್ಣಾರೆ ಕಾಣಬೇಕು. ಓಡುವ ಯಂತ್ರಕ್ಕೆ ಬದಲಿ ಇಲ್ಲ. ಅದು ಕುಂಟಿಕೊಂಡು ಓಡಿದರೂ ಓಟವೇ. ಸಮಿತಿ ಬಂದಾಗಲೆಲ್ಲ ಸರ್ವರಿನ ಹಸಿರು ದೀಪ ಉರಿಯುತ್ತಿತ್ತು, ಮುಂದೆ ಫ್ಯಾನ್ ತಿರುಗುತ್ತಿತ್ತು. ಸಮಿತಿಯ ಮುಖ್ಯಸ್ಥರಾದ ಆಫೀಸಿನ ಸೂಪರಿಂಟೆಂಡೆಂಟರು ಬಗ್ಗಿ ನೋಡಿ, “ಓಡ್ತಾ ಇದೆಯಲ್ರಪ್ಪ ಮತ್ತೆ?” ಎನ್ನುತ್ತಿದ್ದರು. ಅರ್ಜಿ ಹಿಂದಕ್ಕೆ ಬರುತ್ತಿತ್ತು.

ಆ ವರ್ಷ ಕ್ಲಬ್ಬಿನ ಸೆಕ್ರೆಟರಿ ಒಬ್ಬ ಹುಡುಗಿ. ಕೊನೆಯ ವರ್ಷದವಳು. ಮಾತು ಜೋರು, ಕೆಲಸವೂ ಜೋರು. ಫ್ಯಾನ್ ಮಾಮನನ್ನು ಕಂಡರೆ ಅವಳಿಗೆ ಅಕ್ಕರೆ. ಸಂಜೆ ಮೆಟ್ಟಿಲ ಮೇಲೆ ಕೂತು ಅವರ ಜೊತೆಯಲ್ಲೇ ಟೀ ಕುಡಿಯುತ್ತಿದ್ದಳು. ತಾನು ಹೋಗುವುದರೊಳಗೆ ಹೊಸ ಸರ್ವರ್ ತರಿಸಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಒಂದು ಮಧ್ಯಾಹ್ನ ಅವಳು ನೇರವಾಗಿ ಹಾಸ್ಟೆಲಿನ ಅಡುಗೆಮನೆಗೆ ಬಂದಳು.

“ಆಂಟಿ, ನೀವು ಮಾಮಂಗೆ ಒಂದು ಮಾತು ಹೇಳ್ಬೇಕು.”

“ಏನು ಮಾಡಿದ್ರು ನಿಮ್ಮ ಮಾಮ?”

“ಏನೂ ಮಾಡ್ಬಾರ್ದು, ಅದನ್ನೇ ಹೇಳ್ಬೇಕು. ಸಮಿತಿ ಬರೋ ದಿನ ಫ್ಯಾನ್ ಹಾಕ್ಬಾರ್ದು, ಬ್ರಷ್ ಹಿಡೀಬಾರ್ದು. ಅದರ ಪಾಡಿಗೆ ಬಿಟ್ಬಿಟ್ರೆ ಈಗೀಗ ಬೆಳಿಗ್ಗೆನೇ ನಿಂತೋಗುತ್ತೆ. ಅವರು ನೋಡ್ತಾರೆ, ಬರ್ಕೊಂಡು ಹೋಗ್ತಾರೆ, ಆಯ್ತು. ನಾವು ಸುಳ್ಳು ಹೇಳ್ತಾ ಇಲ್ಲ ಆಂಟಿ. ಅದು ನಿಜವಾಗ್ಲೂ ಕೆಟ್ಟೇ ಹೋಗಿದೆ. ಮಾಮ ಅದನ್ನ ಸಾಯೋಕೆ ಬಿಡ್ತಿಲ್ಲ.”

ದಪ್ಪಕ್ಕ ಕಿಸಕ್ಕನೆ ನಕ್ಕಳು. “ನೋಡೇ, ನಿನ್ನ ಸವತಿ ಹೋಗೋ ಕಾಲ ಬಂತು.”

ಮನೆಯಲ್ಲಿ ಆಕೆ ಈ ಮಾತು ತೆಗೆದಳು. ಅದಕ್ಕೆ ಅವರು ಪ್ರೆಸ್ಸಿನ ಕಥೆ ಹೇಳಿದರು. ಆಕೆ ಎಷ್ಟೋ ಸಲ ಕೇಳಿದ ಕಥೆ. ಮದುವೆಗೆ ಮುಂಚೆ ಅವರು ಒಂದು ಛಾಪಖಾನೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವ ಕೆಲಸಕ್ಕಿದ್ದರು. ಮಾಲೀಕ ಅದನ್ನು ಗುಜರಿಗೆ ಮಾರಿದ. ಗುಜರಿಯವರು ಬಂದಾಗ ಯಂತ್ರ ಓಡುತ್ತಲೇ ಇತ್ತಂತೆ. ಇವರ ಕೈಯಿಂದಲೇ ಅದನ್ನು ನಿಲ್ಲಿಸಿ, ಇವರ ಎದುರಿಗೇ ಸುತ್ತಿಗೆಯಿಂದ ಹೊಡೆದು ತುಂಡು ಮಾಡಿ ಗಾಡಿಗೆ ಹಾಕಿದರಂತೆ.

“ಇದನ್ನ ಯಾರೂ ಒಡೀತಿಲ್ಲವಲ್ರೀ. ಒಂದು ದಿನ ಸುಮ್ಮನಿರಿ ಅಂತಾರೆ, ಅಷ್ಟೆ.”

“ಗೊತ್ತು.”

“ಹುಡುಗರಿಗೆ ಹೊಸದು ಸಿಗೋದು ನಿಮಗೆ ಬೇಡ್ವಾ?”

“ಬೇಡ ಅಂತೀನಾ? ಅವರಿಗೆ ಸಿಗ್ಲಿ ಅಂತಾನೇ ಇಷ್ಟು ದಿನ ಇದನ್ನ ಓಡಿಸಿದ್ದು. ಸರಿ. ಆ ದಿನ ನಾನು ರಜ ಹಾಕ್ತೀನಿ. ಅಲ್ಲಿಗೆ ಹೋದ್ರೆ ನನ್ನ ಕೈ ಸುಮ್ಮನಿರಲ್ಲ.”

ಹೇಳಿದಂತೆ ರಜ ಹಾಕಿದರು. ಬೀಗದ ಕೈಯನ್ನು ಹುಡುಗಿಯ ಕೈಗೆ ಕೊಟ್ಟರು. ಸಮಿತಿ ಬರುವ ಬೆಳಿಗ್ಗೆ ಆಕೆ ಹಾಸ್ಟೆಲಿಗೆ ಹೊರಟಾಗ ಅವರು ಮಂಚದ ಮೇಲೆ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದರು. ಮದುವೆಯಾದಂದಿನಿಂದ ಕೆಲಸದ ದಿನ ಗಂಡ ಹೀಗೆ ಕೂತದ್ದನ್ನು ಆಕೆ ಕಂಡಿರಲಿಲ್ಲ.

“ಎಲ್ಲೂ ಹೋಗ್ಬೇಡಿ.”

“ಎಲ್ಲಿಗೆ ಹೋಗ್ಲಿ? ಬೇಕಾದ್ರೆ ಬೀಗ ಹಾಕ್ಕೊಂಡು ಹೋಗು.”

ಆಕೆ ನಕ್ಕು ಹೋದಳು. ಬೀಗ ಹಾಕಲಿಲ್ಲ.

ಸಮಿತಿಯವರಿಗೆ ಟೀ ಹಾಸ್ಟೆಲಿನಿಂದಲೇ ಹೋಗಬೇಕು. ಆಕೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಕೋಣೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಒಳಗೆ ಸಮಿತಿಯವರು. ಅವರ ನಡುವೆ ಫ್ಯಾನ್ ಮಾಮ, ಕೈಯಲ್ಲಿ ಬ್ರಷ್ಷು, ಅಂಗಿಯ ತೋಳಿಗೆ ಧೂಳು. ಫ್ಯಾನ್ ತಿರುಗುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು.

ಆದದ್ದು ಇಷ್ಟು. ಮನೆಯಲ್ಲಿ ಕೂರಲಾಗದೆ ಅವರು ಸೋಪು ತರುತ್ತೇನೆಂದು ಹೊರಗೆ ಬಂದರು. ಕಾಲು ಕಾಲೇಜಿನ ಕಡೆ ಎಳೆಯಿತು. ಮೆಟ್ಟಿಲ ಕೆಳಗೆ ನಿಂತು ಹೋಗೋಣ ಎಂದುಕೊಂಡರು. ಅಷ್ಟರಲ್ಲಿ ಮೇಲಿನಿಂದ ಪೀಂ ಪೀಂ ಕೇಳಿಸಿತು. ಹುಡುಗಿ ಸಮಿತಿಯವರನ್ನು ಕರೆತರಲು ಆಫೀಸಿಗೆ ಹೋಗಿದ್ದಳು, ಬಾಗಿಲು ತೆರೆದಿತ್ತು. ಮುಂದಿನದು ತನಗೆ ನೆನಪೇ ಇಲ್ಲ ಎಂದು ಅವರು ಆಮೇಲೆ ಹೇಳಿದರು. ಕೈ ತಾನಾಗಿ ಫ್ಯಾನ್ ಹಾಕಿತಂತೆ. ಕೈ ತಾನಾಗಿ ಗುಂಡಿ ಒತ್ತಿತಂತೆ.

ಸೂಪರಿಂಟೆಂಡೆಂಟರಿಗೆ ಖುಷಿಯೋ ಖುಷಿ. ಫ್ಯಾನ್ ಮಾಮನ ಬೆನ್ನು ತಟ್ಟಿದರು.

“ನೋಡ್ರಪ್ಪ, ಸಿಬ್ಬಂದಿ ಅಂದ್ರೆ ಹೀಗಿರ್ಬೇಕು. ರಜದ ದಿನ ಬಂದು ನೋಡ್ಕೋತಿದ್ದಾರೆ. ಇಂಥವರೊಬ್ಬರು ಇದ್ರೆ ಹೊಸದು ಯಾಕಮ್ಮ ಬೇಕು?”

ಫ್ಯಾನ್ ಮಾಮ ಬಾಯಿ ತೆರೆದರು. “ಸಾರ್, ಇದು ಕೆಟ್ಟೋಗಿದೆ ಸಾರ್. ನಾನು... ಇದು ಓಡಲ್ಲ ಸಾರ್.”

“ಓಡ್ತಾ ಇದೆಯಲ್ರೀ, ನನ್ನ ಕಣ್ಣೆದುರಿಗೇ!” ಎಂದು ಸೂಪರಿಂಟೆಂಡೆಂಟರು ಗಹಗಹಿಸಿ ನಕ್ಕರು. ಉಳಿದವರೂ ನಕ್ಕರು. ಟೀ ಕುಡಿದರು. ಹೋದರು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಫ್ಯಾನ್ ಮಾಮನ ಮುಂದೆಯೇ ಇಳಿದು ಹೋದಳು. ಅಂದಿನಿಂದ ಸಂಜೆ ಮೆಟ್ಟಿಲ ಮೇಲೆ ಟೀ ಇಲ್ಲ. ಉಳಿದ ಹುಡುಗರೂ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟರು. ಅವಳು ಓದು ಮುಗಿಸಿ ಊರು ಬಿಡುವ ದಿನ ಅವರು ಗೇಟಿನ ಹತ್ತಿರ ನಿಂತಿದ್ದರು. ಅವಳು ಆಟೋದಲ್ಲಿ ಕೂತಿದ್ದಳು. ನೋಡಿದಳೋ ಇಲ್ಲವೋ, ಆಟೋ ಹೋಯಿತು.

ಮನೆಗೆ ಬಂದು ಅವರು ಊಟದ ತಟ್ಟೆ ಸರಿಸಿದರು.

“ಮುಂದಿನ ಸಲ ನನ್ನ ಕಟ್ಟಿ ಹಾಕು.”

“ಹಗ್ಗ ಎಲ್ಲಿ ತರ್ಲಿ ನಿಮಗೆ? ಊಟ ಮಾಡಿ.”

“ತಮಾಷೆ ಅಲ್ಲ ಕಣೇ. ಆ ಮಕ್ಕಳಿಗೆ ಸಿಗ್ಬೇಕಾದ್ದು ನನ್ನಿಂದ ತಪ್ಪಿತು.”

ಆಮೇಲೆ ಅವರು ಮೊದಲಿನಂತೆ ಇರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಸರ್ವರನ್ನೂ ಒರೆಸುತ್ತಿದ್ದರು, ಆದರೆ ಕಳ್ಳರಂತೆ, ಹುಡುಗರು ಬರುವ ಮೊದಲು. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಆಕೆ ನೋಡಿದಳು. ಆಸ್ಪತ್ರೆಗೆ ಹೋಗೋಣ ಎಂದು ಬೇಡಿದಳು, ಬೈದಳು. ಒಂದು ದಿನ ಅತ್ತೂ ನೋಡಿದಳು.

“ಏನಾಗಿದೆ ನನಗೆ? ಓಡಾಡ್ತಾ ಇಲ್ವಾ?” ಎನ್ನುತ್ತಿದ್ದರು.

ಹಾಸ್ಟೆಲಿನ ತಿಂಡಿಗೆ ಆಕೆ ಬೆಳಕು ಹರಿಯುವ ಮೊದಲೇ ಹೊರಡಬೇಕಿತ್ತು. ಅಂದೂ ಹೊರಟಳು. ಅವರು ಎದ್ದು ಬಾಗಿಲು ಹಾಕಿಕೊಂಡರು. ತಿಂಡಿಯ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಆಕೆ ಮನೆಗೆ ಬಂದು ಬಾಗಿಲು ತಟ್ಟಿದಳು. ತೆಗೆಯಲಿಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ಒಡೆದರು. ಅವರು ಮಂಚದ ಅಂಚಿನಲ್ಲಿ ಕೂತು ಹಾಗೇ ಗೋಡೆಗೆ ಒರಗಿದ್ದರು. ಅಂಗಿಯ ಒಂದು ತೋಳು ಹಾಕಿಕೊಂಡಿದ್ದರು. ಇನ್ನೊಂದು ಜೋತಾಡುತ್ತಿತ್ತು.

ಡಾಕ್ಟರು ಬಂದು ಮುಟ್ಟಿ ನೋಡಿ, “ಆಗ್ಲೇ ಬಹಳ ಹೊತ್ತಾಗಿದೆಯಮ್ಮ” ಎಂದರು.

ಆ ಹೊತ್ತಿನಲ್ಲಿ ಆಕೆ ದಪ್ಪಕ್ಕನ ಜೊತೆ ನಗುತ್ತಾ ಪಾತ್ರೆ ತೊಳೆಯುತ್ತಿದ್ದಳು.

ಸುದ್ದಿ ತಿಳಿದು ಹುಡುಗಿ ಕೆಲಸದ ಊರಿನಿಂದ ಬಂದಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲೇ ನಿಂತು ಅತ್ತಳು.

“ಆಂಟಿ, ನಾನು ಹೋಗೋವಾಗ ಮಾಮನ ಹತ್ರ ಮಾತಾಡ್ಲೇ ಇಲ್ಲ.”

“ಹೌದು, ಮಾತಾಡ್ಲಿಲ್ಲ” ಎಂದಳು ಆಕೆ. “ಗೇಟ್ ಹತ್ರ ಕಾಯ್ತಿದ್ರು.”

ಹುಡುಗಿಗೆ ಅದನ್ನು ಹೇಳಬಾರದಿತ್ತೇನೋ. ಆದರೆ ಅದು ನಿಜ. ಆಮೇಲೆ ಕೈ ಹಿಡಿದು ಒಳಗೆ ಕರೆದು ಊಟ ಬಡಿಸಿದಳು. ಇಬ್ಬರೂ ಒಟ್ಟಿಗೆ ಕೂತು ಉಂಡರು.

ಫ್ಯಾನ್ ಮಾಮ ಹೋದ ಸ್ವಲ್ಪ ದಿನಕ್ಕೇ ಸರ್ವರ್ ಕೂಡ ನಿಂತಿತು. ಹುಡುಗರು ಅದನ್ನು ಉಳಿಸಲು ನೋಡಿದರೋ ಇಲ್ಲವೋ ಆಕೆಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಹಾಸ್ಟೆಲಿನಲ್ಲಿ ನಾಳೆಯ ತಿಂಡಿ ಏನೆಂದು ಹುಡುಗರು ಮತ್ತೆ ಕಿಟಕಿಯಲ್ಲಿ ಬಗ್ಗಿ ಆಕೆಯನ್ನೇ ಕೇಳತೊಡಗಿದರು. ಆಗ ಆಕೆಗೆ ತಿಳಿಯಿತು.

ಹೊಸ ಸೆಕ್ರೆಟರಿ ಒಬ್ಬ ಉದ್ದನೆಯ ಹುಡುಗ. ಎಲ್ಲರೂ ಅವನನ್ನು ಕಂಬ ಎನ್ನುತ್ತಿದ್ದರು. ಅವನು ಇನ್ನಿಬ್ಬರನ್ನು ಕಟ್ಟಿಕೊಂಡು ಅಡುಗೆಮನೆಗೆ ಬಂದ. ಆಕೆ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಕೈಯಲ್ಲಿದ್ದ ಕಾಗದವನ್ನು ಮಡಚುತ್ತಾ ಬಿಚ್ಚುತ್ತಾ ನಿಂತ.

“ಏನಪ್ಪ? ಕಂಬದ ಹಾಗೆ ನಿಂತೆ ಅಂತ ನಾನೂ ಅನ್ನಬೇಕಾ?”

“ಆಂಟಿ, ಈ ಸಲದ ಅರ್ಜಿ. ಸರ್ವರ್ ಯಾಕೆ ನಿಂತಿತು ಅಂತ ಕಾರಣ ಬರೀಬೇಕು. ಹಳೇದಾಯ್ತು ಅಂತ ಬರೆದ್ರೆ, ಹೋದ ವರ್ಷ ಓಡ್ತಿತ್ತಲ್ಲ, ನೀವೇ ಕೆಡಿಸಿದ್ರಾ ಅಂತಾರೆ. ಅದಕ್ಕೆ...” ಅವನು ಕಾಗದ ನೋಡಿಕೊಂಡು ಓದಿದ. “ಸದರಿ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯವರು ನಿಧನರಾದ ಕಾರಣ ಯಂತ್ರವು ಸ್ಥಗಿತಗೊಂಡಿರುತ್ತದೆ. ನೀವು ಬೇಡ ಅಂದ್ರೆ ಬರೆಯಲ್ಲ ಆಂಟಿ.”

ದಪ್ಪಕ್ಕ ಸೌಟು ಹಿಡಿದೇ ಎದ್ದಳು. “ಥೂ! ನಾಚಿಕೆ ಆಗಲ್ವೇನ್ರೋ ನಿಮಗೆ? ಬದುಕಿದ್ದಾಗ ಆ ಮನುಷ್ಯನ ಹತ್ರ ಮಾತು ಬಿಟ್ರಿ. ಈಗ ಸತ್ತೋರನ್ನ ತೋರಿಸಿ ಮಷೀನ್ ಕೇಳ್ತೀರಾ?”

ಹುಡುಗರು ತಲೆ ತಗ್ಗಿಸಿದರು. ಕಂಬನ ಕಿವಿ ಕೆಂಪಾಯಿತು. ಅವನು ಕಾಗದವನ್ನು ಜೇಬಿಗೆ ಹಾಕಲು ಹೊರಟ.

“ಇರು” ಎಂದಳು ಆಕೆ. ಕೈ ಒರೆಸಿಕೊಂಡಳು. ಹೋಗ್ರೋ ಆಚೆ ಎನ್ನಬೇಕೆಂದಿತ್ತು. ಆದರೆ ತಟ್ಟೆ ಸರಿಸಿ ಕೂತ ಗಂಡ ಕಣ್ಣಿಗೆ ಕಟ್ಟಿದರು. ಆ ಮಕ್ಕಳಿಗೆ ಸಿಗಬೇಕಾದ್ದು ನನ್ನಿಂದ ತಪ್ಪಿತು ಎಂದ ಮಾತು.

“ನಿಧನ ಅಂದ್ರೆ ಸತ್ರು ಅಂತ ತಾನೇ?”

“ಹೂಂ ಆಂಟಿ.”

“ಬರಿ.”

“ನಿಜವಾಗ್ಲೂ ಬರೀಲಾ?”

“ಬದುಕಿದ್ದಾಗ ಅವರ ಕೈಲಿ ಆಗ್ಲಿಲ್ಲ. ಈಗಾದ್ರೂ ಆಗ್ಲಿ.” ಸ್ವಲ್ಪ ತಡೆದು ಕೇಳಿದಳು, “ಸಿಬ್ಬಂದಿ ಅನ್ನೋ ಬದಲು ಫ್ಯಾನ್ ಮಾಮ ಅಂತ ಹಾಕೋಕಾಗುತ್ತಾ?”

ಕಂಬ ಕಾಗದದ ಕಡೆ ನೋಡಿದ. “ಆಫೀಸಲ್ಲಿ ಒಪ್ಪಲ್ಲ ಆಂಟಿ.”

“ಸರಿ ಬಿಡು.”

ಸಮಿತಿ ಬಂದ ದಿನ ಟೀ ತಟ್ಟೆಯನ್ನು ತಾನು ಒಯ್ಯುತ್ತೇನೆಂದು ದಪ್ಪಕ್ಕ ಎಷ್ಟು ಹೇಳಿದರೂ ಆಕೆ ಕೊಡಲಿಲ್ಲ. ತಾನೇ ಮೆಟ್ಟಿಲು ಹತ್ತಿದಳು. ಗಂಡ ನಿಲ್ಲುತ್ತಿದ್ದ ಕಡೆ ತಾನೂ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡಳು. ಕೋಣೆಯಲ್ಲಿ ಸದ್ದಿರಲಿಲ್ಲ. ಸರ್ವರಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ದೀಪವಿಲ್ಲ. ಸಮಿತಿಯವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಗುಂಡಿ ಒತ್ತಿದರು. ಏನೂ ಆಗಲಿಲ್ಲ.

ಸೂಪರಿಂಟೆಂಡೆಂಟರು ಟೀ ಲೋಟ ತೆಗೆದುಕೊಳ್ಳುವಾಗ ಆಕೆಯ ಗುರುತು ಹಿಡಿದರು. ಕೆಟ್ಟ ಮನುಷ್ಯರೇನಲ್ಲ. ಮುಖ ಸಣ್ಣದು ಮಾಡಿಕೊಂಡರು.

“ನಿಮ್ಮ ಯಜಮಾನ್ರು ಇದ್ದಿದ್ರೆ ಇದನ್ನ ಇನ್ನೂ ಓಡಿಸ್ತಿದ್ರು ಕಣಮ್ಮ.”

“ಓಡಿಸ್ತಿದ್ರು ಸಾರ್. ಅದಕ್ಕೇ ನೀವು ಕೊಡ್ತಿರಲಿಲ್ಲ.”

ಕಂಬ ಗೋಡೆಯ ಕಡೆ ತಿರುಗಿದ. ಆಕೆ ಹೇಳಿದ್ದು ಜಗಳಕ್ಕಲ್ಲ. ಇದ್ದದ್ದನ್ನು ಹೇಳಿದಳು. ಸೂಪರಿಂಟೆಂಡೆಂಟರು ಲೋಟ ಕಿಟಕಿಯ ಮೇಲಿಟ್ಟು ಅರ್ಜಿಗೆ ಅಲ್ಲೇ ಸಹಿ ಹಾಕಿದರು.

ಹೊಸ ಸರ್ವರ್ ಬಂದಿತು. ಚಾಲೂ ಮಾಡುವ ದಿನ ಕಂಬ ತಾನೇ ಬಂದು ಆಕೆಯನ್ನು ಕರೆದುಕೊಂಡು ಹೋದ. ಕೋಣೆಗೆ ಎಸಿ ಹಾಕಿದ್ದರು. ಗಾಜಿನ ಬಾಗಿಲಿನ ಕಪಾಟಿನೊಳಗೆ ಕಪ್ಪನೆಯ, ತೆಳ್ಳನೆಯ ಪೆಟ್ಟಿಗೆ. ಸದ್ದೂ ಇಲ್ಲ ಶಾಖವೂ ಇಲ್ಲ. ಹುಡುಗರು ಚಪ್ಪಾಳೆ ತಟ್ಟಿದರು, ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಆಕೆಗೂ ಖುಷಿಯಾಯಿತು. ಗಂಡ ಇದನ್ನು ನೋಡಬೇಕಿತ್ತು.

“ಇದನ್ನ ಯಾರಪ್ಪ ನೋಡ್ಕೋತಾರೆ?”

“ಯಾರೂ ಬೇಡ ಆಂಟಿ. ತಾನೇ ನೋಡ್ಕೊಳ್ಳುತ್ತೆ.”

“ನಿಂತೋದ್ರೆ?”

“ನಿಂತ ತಕ್ಷಣ ನಮ್ಮ ಫೋನಿಗೆ ಮೆಸೇಜ್ ಬರುತ್ತೆ. ನಾವು ಎಲ್ಲೇ ಇರ್ಲಿ.”

“ತಕ್ಷಣ?”

“ತಕ್ಷಣ ಆಂಟಿ. ನಿಲ್ಲೋ ಮೊದಲೇ, ಹುಷಾರಿಲ್ಲ ಅನ್ನೋವಾಗ್ಲೇ ಒಂದು ಬರುತ್ತೆ.”

ಆಕೆ ತಲೆಯಾಡಿಸಿದಳು. ಅಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ತನಗೆ ಯಾವ ಮೆಸೇಜೂ ಬಂದಿರಲಿಲ್ಲ. ಗೋಡೆ ಹಿಡಿದುಕೊಂಡಳು. ಕಂಬ ಓಡಿ ಬಂದು ಕುರ್ಚಿ ಎಳೆದುಕೊಟ್ಟ. ಒಬ್ಬ ನೀರು ತಂದ. ಹುಡುಗರ ಗಲಾಟೆ ನಿಂತಿತು. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆಕೆ ಹೇಳಲೂ ಇಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಆ ತಣ್ಣನೆಯ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಆ ಮಧ್ಯಾಹ್ನ ಹಾಸ್ಟೆಲಿನ ಊಟ ತಡವಾಯಿತು. ದಪ್ಪಕ್ಕ ಒಬ್ಬಳೇ ಎಲ್ಲ ಬೇಯಿಸಿದಳು, ಆದರೆ ಯಾರನ್ನೂ ಬೈಯಲಿಲ್ಲ.